ಕಂಪನಿ ಸ್ಟೀರಿಯೊ ತೆಗೆಯದೆ ಆಂಪ್ ಹಾಕಿದ್ದು

ಕಾರಿನ ಮುಂದಿನ ಬಾಗಿಲುಗಳಿಗೆ ಹೊಸ ಸ್ಪೀಕರ್ ಹಾಕಿಸಿ ಆರು ತಿಂಗಳಾಗಿತ್ತು. ಕೊಟ್ಟ ದುಡ್ಡಿಗೆ ತಕ್ಕ ಸದ್ದು ಬರಲೇ ಇಲ್ಲ. ವಾಲ್ಯೂಮ್ ಏರಿಸಿದರೆ ಕಿರುಚುತ್ತಿತ್ತು, ಇಳಿಸಿದರೆ ಮೃದಂಗವೂ ತಗಡು ಬಡಿದ ಹಾಗೆ. ತಪ್ಪು ಸ್ಪೀಕರಿನದ್ದಲ್ಲ. 50 ವ್ಯಾಟ್ ಅಂತ ಎಷ್ಟೇ ಹೇಳಿಕೊಂಡರೂ ಕಾರಿನ ಜೊತೆಗೇ ಬರುವ ಕಂಪನಿ ಸ್ಟೀರಿಯೊ ಒಂದೇ ಸಮನೆ ಕೊಡೋದು ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರಿನ ಸಾಲಿಗೆ, 15ರಿಂದ 20 ವ್ಯಾಟ್ ಅಷ್ಟೇ.

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿದೆ. "ಕಂಪನಿ ಸ್ಟೀರಿಯೊ ಕಿತ್ತಾಕಿ ಸರ್, ಹೊಸದು ಹಾಕ್ಕೊಡ್ತೀನಿ" ಅಂದರು. ಆದರೆ ಸ್ಟೀರಿಂಗ್ ಮೇಲಿನ ಬಟನ್, ರಿವರ್ಸ್ ಕ್ಯಾಮೆರಾ ಎಲ್ಲ ಅದಕ್ಕೇ ಅಂಟಿಕೊಂಡಿವೆ. ಅದು ಇದ್ದಲ್ಲೇ ಇರಲಿ, ಸದ್ದಿಗೆ ಬಲ ಕೊಡುವ ಆಂಪ್ (ಆಂಪ್ಲಿಫೈಯರ್) ಒಂದನ್ನು ನಾನೇ ಹಾಕಿಕೊಳ್ಳುತ್ತೇನೆ ಅಂತ ಹೊರಟೆ. ನಾಲ್ಕು ಚಾನೆಲ್ಲಿನ ಆಂಪ್, ಚಾನೆಲ್‌ಗೆ 50 ವ್ಯಾಟ್.

ಕಂಪನಿ ಸ್ಟೀರಿಯೊಗೆ ಆರ್‌ಸಿಎ ಔಟ್‌ಪುಟ್ (ಆಂಪ್‌ಗೆ ಸಣ್ಣ ಸಿಗ್ನಲ್ ಕೊಡುವ ಸಾಕೆಟ್) ಇಲ್ಲ, ಇರೋದು ಸ್ಪೀಕರ್ ವೈರ್ ಮಾತ್ರ. ನನ್ನ ಆಂಪ್ ತೆಗೆದುಕೊಳ್ಳೋದು ಆರ್‌ಸಿಎ ಮಾತ್ರ. ಹಾಗಾಗಿ ಮಧ್ಯೆ ಒಂದು ಲೈನ್ ಔಟ್‌ಪುಟ್ ಕನ್ವರ್ಟರ್ ಬೇಕು. ಸ್ಪೀಕರ್ ವೈರಿನ ದೊಡ್ಡ ಸಿಗ್ನಲನ್ನು ತಗ್ಗಿಸಿ ಆಂಪ್‌ಗೆ ಕೊಡೋದು ಅದರ ಕೆಲಸ. ಸ್ವಲ್ಪ ಜಾಸ್ತಿ ಕೊಟ್ಟು ರಿಮೋಟ್ ಔಟ್ ಇರೋದನ್ನೇ ತಗೊಂಡೆ. ಸ್ಟೀರಿಯೊ ಆನ್ ಆದದ್ದನ್ನು ಅದೇ ಗುರುತಿಸಿ ಆಂಪ್‌ಗೆ 12 ವೋಲ್ಟ್ ಕೊಡುತ್ತೆ. ಇಲ್ಲದಿದ್ದರೆ ಫ್ಯೂಸ್ ಬಾಕ್ಸಿನಿಂದ ಬೇರೆ ವೈರ್ ಎಳೆಯಬೇಕಿತ್ತು.

ಭಾನುವಾರ ಬೆಳಿಗ್ಗೆ ಮೊದಲು 10ನೇ ನಂಬರ್ ಸ್ಪ್ಯಾನರ್ ಹಿಡಿದು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಡ್ಯಾಶ್‌ಬೋರ್ಡ್ ಕೆಳಗಾಗಲಿ ಸೀಟಿನ ಕೆಳಗಾಗಲಿ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಕೈ ಹಾಕಬೇಡಿ. ಸ್ಟೀರಿಯೊ ಹಿಂದಿನ ಕಂಪನಿ ವೈರ್ ಒಂದನ್ನೂ ಕತ್ತರಿಸಲಿಲ್ಲ. ಅದೇ ಮಾದರಿಯ ಗಂಡು-ಹೆಣ್ಣು ಕಪ್ಲರ್ ಸಿಗುತ್ತೆ, ಅದನ್ನು ಮಧ್ಯೆ ಸೇರಿಸಿ ಬೇಕಾದ ವೈರ್ ಅಲ್ಲಿಂದ ತೆಗೆದೆ. ನಾಳೆ ಕಾರು ಮಾರುವಾಗ ಕಪ್ಲರ್ ಕಿತ್ತರೆ ಎಲ್ಲ ಮೊದಲಿನಂತೆ. ಒಂದು ಮಾತು ನೆನಪಿರಲಿ, ಈ ಸ್ಟೀರಿಯೊಗಳಲ್ಲಿ ಸ್ಪೀಕರಿನ ನೆಗೆಟಿವ್ ಅಂದರೆ ಬಾಡಿ ಅರ್ಥ್ (ಬ್ಯಾಟರಿಯ ನೆಗೆಟಿವ್ ಸೇರಿರುವ ಕಾರಿನ ತಗಡು) ಅಲ್ಲ. ಸ್ಟೀರಿಯೊ ಆನ್ ಇದ್ದಾಗ ಮೀಟರ್ ಇಟ್ಟು ನೋಡಿದರೆ ಎರಡೂ ವೈರಿಗೂ ಕಾರಿನ ತಗಡಿಗೂ ನಡುವೆ 6 ವೋಲ್ಟಿನ ಆಸುಪಾಸು ತೋರಿಸಿತು. ಆ ವೈರನ್ನು ಅರ್ಥ್‌ಗೆ ಮುಟ್ಟಿಸಿದರೆ ಸ್ಟೀರಿಯೊ ಹೋದಂತೆಯೇ.

ಪವರ್‌ಗೆ 8 ಗೇಜ್ ತಾಮ್ರದ ವೈರ್, ಬ್ಯಾಟರಿಯಿಂದ ಒಂದು ಗೇಣಿನಲ್ಲೇ 40 ಆಂಪಿಯರ್ ಫ್ಯೂಸ್. ಈ ಫ್ಯೂಸ್ ಇರೋದು ಆಂಪ್‌ಗಲ್ಲ, ವೈರಿಗೆ. ದಾರಿಯಲ್ಲಿ ಎಲ್ಲಾದರೂ ವೈರ್ ಸವೆದು ಬಾಡಿಗೆ ತಗುಲಿದರೆ ಬೆಂಕಿ ಬೀಳಬಾರದಲ್ವಾ. ತಗಡು ದಾಟುವ ತೂತಿಗೆ ರಬ್ಬರ್ ಬಳೆ ಹಾಕಿದೆ. ಪವರ್ ವೈರ್ ಎಡಗಡೆ, ಸಿಗ್ನಲ್ ವೈರ್ ಬಲಗಡೆ ಹೋಯಿತು. ಆಂಪ್ ಎಡಗಡೆಯ ಸೀಟಿನ ಕೆಳಗೆ ಕೂತಿತು.

ಸಂಜೆ ಐದಕ್ಕೆ ಆನ್ ಮಾಡಿದೆ. ಸದ್ದು ಬಂತು, ಚೆನ್ನಾಗಿಯೇ ಬಂತು. ಎಂಜಿನ್ ಸ್ಟಾರ್ಟ್ ಮಾಡಿದ್ದೇ ತಡ, ಹಾಡಿನ ಹಿಂದೆ "ಗುಂಯ್" ಅಂತ ಶುರು. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತೆ, ಬಿಟ್ಟರೆ ಇಳಿಯುತ್ತೆ. ಹೆಂಡತಿ ಬಂದು ಕೂತು ಎರಡು ನಿಮಿಷ ಕೇಳಿ, "ಸೊಳ್ಳೆ ಸಾಕೋಕೆ ಇಷ್ಟು ಖರ್ಚಾ ರೀ?" ಅಂದಳು.

ಎರಡು ವಾರ ಆ ಸೊಳ್ಳೆಯ ಜೊತೆ ಓಡಾಡಿದೆ. ವೈರ್ ಬದಲಿಸಿದೆ, ಸುಮ್ನೆ ಫಿಲ್ಟರ್ ಒಂದನ್ನು ತಂದು ಹಾಕಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಎಂಜಿನ್ ಓಡುತ್ತಿರುವಾಗ, ಹಾಡು ಜೋರಾಗಿಟ್ಟು, ಬ್ಯಾಟರಿಯ ನೆಗೆಟಿವ್‌ಗೂ ಆಂಪಿನ ಅರ್ಥ್‌ಗೂ ನಡುವೆ ಮೀಟರ್ ಹಿಡಿದೆ. 0.6 ವೋಲ್ಟ್! ಹತ್ತಿರ ಹತ್ತಿರ ಸೊನ್ನೆ ಇರಬೇಕಿತ್ತು. ಆಂಪಿನ ಅರ್ಥನ್ನು ನಾನು ಸೀಟಿನ ಬೋಲ್ಟಿಗೆ ಕಟ್ಟಿದ್ದೆ. ಬಿಚ್ಚಿ ನೋಡಿದರೆ ರಿಂಗ್ ಟರ್ಮಿನಲ್ ಕೆಳಗೆ ಬೂದು ಬಣ್ಣದ ಪೇಂಟ್ ಹಾಗೇ ಇದೆ. ಉಂಗುರದ ಗುರುತು ಬಿದ್ದಿದೆ ಅಷ್ಟೇ, ತಗಡು ಕಾಣೋದೇ ಇಲ್ಲ. ಸಾಲದ್ದಕ್ಕೆ ಕನ್ವರ್ಟರಿನ ಅರ್ಥ್ ಡ್ಯಾಶ್‌ಬೋರ್ಡ್ ಹಿಂದೆ ಬೇರೆ ಕಡೆ. ಎರಡು ಕಡೆ ಎರಡು ಅರ್ಥ್, ನಡುವಿನ ವ್ಯತ್ಯಾಸವೆಲ್ಲ ಆರ್‌ಸಿಎ ವೈರಿನಲ್ಲಿ ಹರಿದು ಆಲ್ಟರ್ನೇಟರಿನ ಸದ್ದು ಸ್ಪೀಕರಿಗೆ ಬರುತ್ತಿತ್ತು.

ಸೀಟಿನ ಬೋಲ್ಟಿನ ಸಹವಾಸ ಬಿಟ್ಟೆ. ಕಾರ್ಪೆಟ್ ಎತ್ತಿದರೆ ಕಂಪನಿಯವರೇ ಅರ್ಥ್ ವೈರ್ ಕೂರಿಸಿದ್ದ ಒಂದು ಬೋಲ್ಟ್ ಸಿಕ್ಕಿತು. ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಪ್ಪು ಕಾಗದದಲ್ಲಿ ಉಜ್ಜಿದೆ, ಬೆಳ್ಳಿಯ ಹಾಗೆ ಹೊಳೆಯುವ ತನಕ. ಕನ್ವರ್ಟರನ್ನೂ ಸೀಟಿನ ಕೆಳಗೆ ತಂದು ಎರಡರ ಅರ್ಥನ್ನೂ ಅಲ್ಲೇ ಬಿಗಿದೆ, ತುಕ್ಕು ಹಿಡಿಯದ ಹಾಗೆ ಮೇಲೆ ಗ್ರೀಸ್ ಸವರಿದೆ. ಮೀಟರ್ 0.04 ತೋರಿಸಿತು. ಗುಂಯ್ ಮಾಯ.

ಗೇನ್, ಅಂದರೆ ಒಳಬರುವ ಸಿಗ್ನಲನ್ನು ಆಂಪ್ ಎಷ್ಟು ಹಿಗ್ಗಿಸಬೇಕು ಅನ್ನೋದನ್ನು ಇಡುವಾಗ ಕಿವಿಯನ್ನು ನಂಬಲಿಲ್ಲ. 50 ವ್ಯಾಟನ್ನು ಸ್ಪೀಕರಿನ 4 ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ 14.1 ವೋಲ್ಟ್. ಸ್ಪೀಕರ್ ಬಿಚ್ಚಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗಿಟ್ಟು, 1,000 ಹರ್ಟ್ಸ್ ಟೋನ್ ಹಾಕಿ, ಆಂಪಿನ ಔಟ್‌ಪುಟ್‌ನಲ್ಲಿ ಎ.ಸಿ. ವೋಲ್ಟ್ ಅಷ್ಟಕ್ಕೆ ಬರುವವರೆಗೆ ಸ್ಕ್ರೂ ತಿರುಗಿಸಿದೆ. ಹಿಂದಿನ ಬಾಗಿಲಲ್ಲಿ ಕಂಪನಿಯ 20 ವ್ಯಾಟ್ ಸ್ಪೀಕರುಗಳೇ ಇರೋದರಿಂದ ಅಲ್ಲಿ 8.9ಕ್ಕೇ ನಿಲ್ಲಿಸಿದೆ.

ಈಗ ಮೃದಂಗ ಮೃದಂಗದ ಹಾಗೇ ಕೇಳುತ್ತೆ. ಆಫ್ ಮಾಡುವಾಗ ಮಾತ್ರ ಒಂದು ಸಣ್ಣ "ಟಪ್" ಉಳಿದಿದೆ. ಮತ್ತೆ ಕಾರ್ಪೆಟ್ ಎತ್ತಲು ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.