ಗಣರಾಜ್ಯೋತ್ಸವಕ್ಕೆ ಹೋಗಿಬಂದ ಕಾಲೇಜು ಬ್ಯಾಂಡಿನ ನೆನಪು ಕಾಪಿಡುವ ಬಗೆ

ಎನ್‌ಸಿಸಿ ಬ್ಯಾಂಡಿನಲ್ಲಿ ದೆಹಲಿಯ ಜನವರಿ 26ರ ಪರೇಡಿಗೆ ಹೋಗಿಬಂದವರ ಮನೆಗಳಲ್ಲಿ ಫೋಟೊಗಳಿಗೆ ಬರವಿಲ್ಲ, ಬರವಿರುವುದು ಹೆಸರುಗಳಿಗೆ. ಡ್ರಮ್ ಮೇಜರ್ ಯಾರೆಂದು ಎಲ್ಲರಿಗೂ ಗೊತ್ತು. ಹಿಂದಿನ ಸಾಲಿನಲ್ಲಿ ಸಿಂಬಲ್ (ದೊಡ್ಡ ಹಿತ್ತಾಳೆ ತಾಳ) ಹಿಡಿದವನ ಹೆಸರು ಒಬ್ಬರಿಗೋ ಇಬ್ಬರಿಗೋ ನೆನಪಿರುತ್ತದೆ. ಸ್ಕ್ಯಾನಿಂಗ್ ಆಮೇಲೆ ಮಾಡಬಹುದು. ಮೊದಲು ಹೆಸರು ಹಿಡಿಯಿರಿ.

ಗುಂಪು ಫೋಟೊವನ್ನು ಎ4 ಅಳತೆಯಲ್ಲಿ ಪ್ರಿಂಟ್ ತೆಗೆಸಿ, ಪ್ರತಿ ಮುಖದ ಮೇಲೆ ಅಂಕಿ ಬರೆದು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತೋರಿಸಿ. ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ: ಮೊದಲು ಯಾರೋ ಹೇಳಿದ ಹೆಸರನ್ನೇ ಉಳಿದವರೂ ಒಪ್ಪಿಬಿಡುತ್ತಾರೆ. ಹೆಸರಿನ ಜತೆ ಇನಿಷಿಯಲ್, ಊರು, ವಾದ್ಯ ಬರೆಯಿರಿ. ಒಂದೇ ಬ್ಯಾಚಿನಲ್ಲಿ ಇಬ್ಬರು ಮಂಜುನಾಥರು ಇರುವುದು ಮಾಮೂಲು. ಮದುವೆಯ ನಂತರ ಹೆಸರು ಬದಲಾಗಿದ್ದರೆ ಎರಡೂ ಇರಲಿ.

ಇಸವಿ ಗೊತ್ತಿಲ್ಲದಿದ್ದರೆ ಮುಖ್ಯ ಅತಿಥಿ ಯಾರಿದ್ದರೆಂದು ಕೇಳಿ. ನೆಲ್ಸನ್ ಮಂಡೇಲಾ ಎಂದರೆ 1995, ಒಬಾಮ ಎಂದರೆ 2015. ಇಂಡಿಯಾ ಗೇಟ್ ಹಿಂದಿನ ಮಂಟಪವೂ ಸುಳಿವು ಕೊಡುತ್ತದೆ: ಐದನೇ ಜಾರ್ಜ್‌ನ ಪ್ರತಿಮೆ ಅಲ್ಲಿಂದ ಹೋದದ್ದು 1968ರಲ್ಲಿ, ನೇತಾಜಿಯ ಕಲ್ಲಿನ ಪ್ರತಿಮೆ ಬಂದದ್ದು 2022ರಲ್ಲಿ, ನಡುವೆ ಬಹುಕಾಲ ಮಂಟಪ ಖಾಲಿಯಿತ್ತು. ಕರ್ತವ್ಯ ಪಥವೆಂಬ ಹೆಸರು ಬಂದದ್ದೂ 2022ರ ಸೆಪ್ಟೆಂಬರಿನಲ್ಲೇ. ಅದಕ್ಕೂ ಹಳೆಯ ಚಿತ್ರಗಳ ಅಡಿಬರಹದಲ್ಲಿ ರಾಜಪಥ ಎಂದೇ ಇರಬೇಕು.

ತೀರಾ ಸಾಮಾನ್ಯವಾದ ತಪ್ಪು ದಿನ ಮತ್ತು ಜಾಗದ ಬಗ್ಗೆ. ಪ್ರಧಾನಿ ಕಾಣುವ ಚಿತ್ರಗಳನ್ನು ಜನ 26ನೇ ತಾರೀಕಿನವು ಎಂದುಕೊಳ್ಳುತ್ತಾರೆ. ಅವು ಹೆಚ್ಚಾಗಿ ಪರೇಡಿನ ಮರುದಿನವೋ ಅದರ ಮರುದಿನವೋ ನಡೆಯುವ ಎನ್‌ಸಿಸಿ ರ‍್ಯಾಲಿಯವು. ಆ ರ‍್ಯಾಲಿಯ ಜಾಗ ದೆಹಲಿ ಕಂಟೋನ್ಮೆಂಟಿನಲ್ಲಿರುವ, ನಮ್ಮ ಕೊಡಗಿನ ಕಾರ್ಯಪ್ಪನವರ ಹೆಸರಿನ ಮೈದಾನ. 23ರ ಪೂರ್ಣ ಉಡುಪಿನ ರಿಹರ್ಸಲ್ ಚಿತ್ರಗಳೂ ಪರೇಡಿನ ಚಿತ್ರಗಳೊಂದಿಗೆ ಬೆರೆತುಹೋಗಿರುತ್ತವೆ. ಬಾರಿಸುತ್ತಾ ಸಾಗುವವರ ಕೈಯಲ್ಲಿ ಕ್ಯಾಮೆರಾ ಇರಲು ಸಾಧ್ಯವಿಲ್ಲವಾದ್ದರಿಂದ 26ರದೇ ಎಂದು ಖಚಿತವಾಗುವ ಚಿತ್ರ ಅಪರೂಪ. ಸಿಕ್ಕರೆ ಬೇರೆಯಾಗಿಡಿ.

ಫೋಟೊವನ್ನು 600 ಡಿಪಿಐನಲ್ಲಿ, ನೆಗೆಟಿವ್ ಇದ್ದರೆ ಕನಿಷ್ಠ 2400ರಲ್ಲಿ ಸ್ಕ್ಯಾನ್ ಮಾಡಿ, ಟಿಫ್ ಕಡತವಾಗಿ ಉಳಿಸಿ. ಹಿಂಬದಿಯ ಬರಹವನ್ನೂ ಬಿಡಬೇಡಿ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೊ ಕೀಳಲು ಹೋದರೆ ಹರಿಯುತ್ತದೆ; ಬಿಡಿಸಲಾಗದಿದ್ದರೆ ಪುಟವನ್ನೇ ಇಟ್ಟು ಸ್ಕ್ಯಾನ್ ಮಾಡಿ.

ಬ್ಯಾಂಡಿನ ವಾದನ ದಾಖಲಿಸಿದ ಕ್ಯಾಸೆಟ್ಟಿನಲ್ಲಿ ಬಿಳಿ ಬೂಷ್ಟು ಕಂಡರೆ ಓಡಿಸಬೇಡಿ: ಟೇಪೂ ಹಾಳು, ಪ್ಲೇಯರ್ ಹೆಡ್ಡೂ ಹಾಳು. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಸುತ್ತಿ, ನಂತರ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತವಾಗಿ ಇಳಿಸಿ. ವೇಗ ಸರಿಯಿದೆಯೇ ಎಂದು ನೋಡಲು ಡ್ರಮ್ಮಿನ ಪೆಟ್ಟು ಎಣಿಸಿ. ಹೆಜ್ಜೆಯ ಗತಿ ನಿಮಿಷಕ್ಕೆ 120ರ ಆಸುಪಾಸಿನಲ್ಲಿರುತ್ತದೆ. 127 ಬಂದರೆ ಪ್ಲೇಯರ್ ಸುಮಾರು ನೂರಕ್ಕೆ ಆರರಷ್ಟು ಜೋರಾಗಿ ಓಡುತ್ತಿರಬಹುದು, ಆಗ ಶ್ರುತಿಯೂ ಅರ್ಧ ಸ್ವರ ಏರಿರುತ್ತದೆ.

ಮಾತು ದಾಖಲಿಸುವಾಗ ಫ್ಯಾನ್ ಆರಿಸಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಒಂದು ಗೇಣು ದೂರದಲ್ಲಿಡಿ. "ಅನುಭವ ಹೇಗಿತ್ತು" ಎಂದು ಕೇಳಿದರೆ ಭಾಷಣ ಸಿಗುತ್ತದೆ. ಫೋಟೊ ಮುಂದಿಟ್ಟು ಸಣ್ಣದನ್ನು ಕೇಳಿ: ಬೆಳಗಿನ ಚಳಿಯಲ್ಲಿ ಬೆರಳು ಮರಗಟ್ಟಿದಾಗ ಏನು ಮಾಡುತ್ತಿದ್ದಿರಿ? ಸಲಾಮಿ ವೇದಿಕೆ ದಾಟುವಾಗ ಯಾವ ಟ್ಯೂನ್? ಸೈಡ್ ಡ್ರಮ್ಮಿನವರಿಗೆ ಎರಡು ಕಡ್ಡಿ ಕೊಟ್ಟು ಮೇಜಿನ ಮೇಲೆ ಬಾರಿಸಲು ಹೇಳಿ. ಡ್ರಮ್ಮಿನ ಬಡಿತಗಳನ್ನು ಬರೆದಿಟ್ಟವರು ಕಡಿಮೆ, ಅವು ಕೈಯಲ್ಲೇ ಉಳಿದಿರುತ್ತವೆ. ಇಡೀ ಕೆಲಸದಲ್ಲಿ ಬೇರೆಲ್ಲೂ ಸಿಗದ ದಾಖಲೆ ಇದೇ.

ಸಮವಸ್ತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿಡಬೇಡಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಹಿತ್ತಾಳೆ ಗುಂಡಿಗಳ ಹಸಿರು ಕಿಲುಬು ಬಟ್ಟೆಗೆ ಹತ್ತದಂತೆ ಅವುಗಳ ಕೆಳಗೆ ಬಟ್ಟೆತುಂಡು ಇಡಿ. ಬ್ರಾಸೋ (ಲೋಹದ ಪಾಲಿಶ್) ಹಾಕಿ ಉಜ್ಜುವುದನ್ನು ನಿಲ್ಲಿಸಿ, ಪ್ರತಿ ಸಲವೂ ಲಾಂಛನ ಸವೆಯುತ್ತದೆ.

ಕಡತಗಳಿಗೆ ಇಸವಿ, ತಿಂಗಳು, ತಾರೀಕು, ಜಾಗ ಈ ಕ್ರಮದಲ್ಲಿ ಹೆಸರಿಡಿ. ಮೂರು ಪ್ರತಿ ಮಾಡಿ: ಎರಡು ಬೇರೆ ಬೇರೆ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ಗ್ರಂಥಾಲಯಕ್ಕೆ ಕೊಡುವಾಗ ಹೆಸರುಗಳ ಪಟ್ಟಿಯನ್ನು ಕಾಗದದ ಮೇಲೂ ಮುದ್ರಿಸಿ ಕೊಟ್ಟು, ರಸೀದಿ ಪಡೆಯಿರಿ.