ಸಂಪಿನ ಮೋಟ್ರು ತಾನಾಗಿ ಆಫ್ ಆಗುವವರೆಗೆ

ಎಂಟು ತಿಂಗಳಾಯಿತು, ನಮ್ಮ ಟ್ಯಾಂಕ್ ಒಂದು ಸಲವೂ ತುಂಬಿ ಹರಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಲೈಟು, ನೀರಿನ ಮೋಟ್ರು ಫೋನಿನಿಂದ, ತಾನಾಗಿಯೂ ಆನ್-ಆಫ್ ಆಗುವ ಹಾಗೆ ಮಾಡಲು ಹೊರಟಾಗ "ಇವೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಸರಿ, ನಮ್ಮ ಹಾಸನದ ಕರೆಂಟಿಗೆ ನಿಲ್ಲಲ್ಲ" ಅಂದವರು ನಮ್ಮ ಭಾವ. "ಮನೆ ಪೂರ್ತಿ ಗೋಡೆ ಒಡೀಬೇಕಾಗುತ್ತೆ ಸಾರ್" ಅಂದವನು ಎಲೆಕ್ಟ್ರಿಷಿಯನ್. ಅಪ್ಪ ಮಾತ್ರ "ಏನಾದ್ರೂ ಮಾಡ್ಕೊ, ಹಳೇ ಸ್ವಿಚ್ ಮುಟ್ಬೇಡ" ಅಂದರು.

ಮನೆ 1994ರದ್ದು. ಹಾಲ್‌ನ ಬೋರ್ಡ್ ಬಿಚ್ಚಿದರೆ ನ್ಯೂಟ್ರಲ್ಲೇ ಇಲ್ಲ! ಕರೆಂಟ್ ವಾಪಸ್ ಹೋಗುವ ಆ ವೈರ್ ಇಲ್ಲದೆ ಹೆಚ್ಚಿನ ಸ್ಮಾರ್ಟ್ ಸ್ವಿಚ್‌ಗಳು ಓಡಲ್ಲ. ನ್ಯೂಟ್ರಲ್ ಬೇಡದ ಸ್ವಿಚ್ ಒಂದನ್ನು ತಂದು ಹಾಕಿದೆ. ಆಫ್ ಮಾಡಿದರೂ 9 ವ್ಯಾಟ್ ಎಲ್‌ಇಡಿ ರಾತ್ರಿಯೆಲ್ಲ ಮಿಣಮಿಣ ಅನ್ನುತ್ತಿತ್ತು. ಬಲ್ಬಿಗೆ ಅಡ್ಡವಾಗಿ ಕೆಪಾಸಿಟರ್ ಕೂರಿಸಿದ ಮೇಲೆ ನಿಂತಿತು. ಆದರೆ ಪ್ರತಿ ಬಲ್ಬಿಗೂ ಏಣಿ ಹತ್ತುವವರು ಯಾರು? ಪ್ಲಗ್ ಪಾಯಿಂಟ್ ಇರುವ ಬೋರ್ಡಿಗೆ ಹೇಗೂ ನ್ಯೂಟ್ರಲ್ ಬಂದಿರುತ್ತೆ. ಅಂಥ ನಾಲ್ಕು ಬೋರ್ಡ್ ಹಿಡಿದುಕೊಂಡೆ, ಉಳಿದದ್ದನ್ನು ಬಿಟ್ಟೆ.

ಆ ಬೋರ್ಡ್‌ಗಳಿಗೆ ಮೊದಲು ಹಾಕಿದ್ದು ಯಾವುದೋ ಕಂಪನಿಯ ವೈಫೈ ಸ್ವಿಚ್‌ಗಳು, ನಾಲ್ಕಕ್ಕೆ ಸುಮಾರು 4,000 ರೂಪಾಯಿ. ರಸ್ತೆ ಅಗೆದಾಗ ಇಂಟರ್ನೆಟ್ ಕೇಬಲ್ ತುಂಡಾಯಿತು, ಎರಡು ದಿನ ಆ್ಯಪ್ ಸುಮ್ನೆ ಸುತ್ತುತ್ತಾ ಕೂತಿತು. ನನ್ನ ಮನೆಯ ಲೈಟ್ ಹಾಕಲು ಯಾವುದೋ ದೇಶದ ಸರ್ವರ್ ಯಾಕೆ ಬೇಕು ಅನಿಸಿತು. ರಾಸ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ ತಂದು, ಮನೆಯ ಸ್ವಿಚ್‌ಗಳನ್ನೆಲ್ಲ ಮನೆಯೊಳಗಿಂದಲೇ ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಹಾಕಿದೆ. ಐದೂವರೆ ಸಾವಿರವೋ ಆರೋ ಆಯಿತು. ಕರೆಂಟ್ ಹೋಗಿ ಬಂದು ಎರಡು ಸಲ ಮೆಮೊರಿ ಕಾರ್ಡ್ ಕೆಟ್ಟಿತು. ಎರಡನೇ ಸಲ ಬ್ಯಾಕಪ್ಪೂ ಅದೇ ಕಾರ್ಡಿನಲ್ಲಿತ್ತು. ನಗಬೇಡಿ. ಆಮೇಲೆ 120 ಜಿಬಿ ಎಸ್‌ಎಸ್‌ಡಿಗೆ ಹೋದೆ, ಪೈ ಮತ್ತು ರೂಟರ್ ಎರಡನ್ನೂ ಯುಪಿಎಸ್ ಲೈನಿಗೆ ಕೊಟ್ಟೆ. ಅವತ್ತಿನಿಂದ ಒಂದು ಸಲವೂ ಮಲಗಿಲ್ಲ. ಭಾವನ ಮಾತಿಗೆ ಉತ್ತರ ಸಿಕ್ಕಿತು.

ಲೈಟು ಬಿಡಿ, ಅದು ಆಟ. ನನಗೆ ಬೇಕಿದ್ದದ್ದು ಮೋಟ್ರು.

ಮೋಟ್ರು 1 ಎಚ್‌ಪಿ. ಓಡುವಾಗ ನಾಲ್ಕೈದು ಆಂಪ್, ಅದನ್ನು ಆನ್-ಆಫ್ ಮಾಡಲು ಹಾಕಿದ ವೈಫೈ ರಿಲೇ (ಕರೆಂಟಿನಿಂದ ಕೂಡುವ ಸಣ್ಣ ಸ್ವಿಚ್) ಮೇಲೆ 10 ಆಂಪ್ ಅಂತ ಬರೆದಿತ್ತು. ಧಾರಾಳ ಅಂದುಕೊಂಡೆ. ಶುರುವಾಗುವಾಗ ಮೋಟ್ರು ಐದಾರು ಪಟ್ಟು ಎಳೆಯುತ್ತೆ ಅನ್ನೋದು ಗೊತ್ತಿದ್ದೂ ಸೋಮಾರಿತನ. ಹನ್ನೆರಡೋ ಹದಿಮೂರೋ ದಿನಕ್ಕೆ ರಿಲೇಯ ಪಾಯಿಂಟ್‌ಗಳು ಅಂಟಿಕೊಂಡವು. ಫೋನಿನಲ್ಲಿ ಆಫ್, ಸಂಪಿನಲ್ಲಿ ಗುಂಯ್ ಅಂತ ಓಡುತ್ತಲೇ ಇದೆ. ನಮ್ಮ ಓವರ್‌ಫ್ಲೋ ನೀರು ಬೀಳುವುದು ಪಕ್ಕದ ಮನೆಯ ತಾರಸಿಗೆ. ಅವತ್ತು ಅಲ್ಲಿ ಅಕ್ಕಿ ಸಂಡಿಗೆ ಒಣಹಾಕಿದ್ದರು. ಆ ಸಂಡಿಗೆಯ ಲೆಕ್ಕ ಇನ್ನೂ ತೀರಿಲ್ಲ.

ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಿಂದ 25 ಆಂಪ್ ಕಾಂಟ್ಯಾಕ್ಟರ್ ತಂದೆ, ಮೋಟ್ರಿನ ಭಾರ ತಡೆಯುವ ದೊಡ್ಡ ರಿಲೇ ಅದು, 900 ಚಿಲ್ಲರೆ. ಈಗ ಸಣ್ಣ ರಿಲೇ ಎಳೆಯುವುದು ಅದರ ಕಾಯಿಲ್ ಮಾತ್ರ. ಮೋಟ್ರು ಶುರುವಾದಾಗ 'ಟಕ್' ಅನ್ನುವ ಸದ್ದು ಅಡುಗೆಮನೆಗೂ ಕೇಳುತ್ತೆ. ಅಮ್ಮನಿಗೆ ಆ್ಯಪ್ ಬೇಡ, ಆ ಸದ್ದೇ ಸಾಕು. ಅಪ್ಪನಿಗಾಗಿ ಆಟೋ–ಮ್ಯಾನ್ಯುಯಲ್ ಸೆಲೆಕ್ಟರ್ ಸ್ವಿಚ್ ಇಟ್ಟಿದ್ದೇನೆ. ಸಣ್ಣ ರಿಲೇಯಲ್ಲಿ ಟಾಸ್ಮೋಟಾ ಅನ್ನುವ ಸಾಫ್ಟ್‌ವೇರ್ ಇದೆ, ಅದರಲ್ಲಿ ಎಷ್ಟು ಹೊತ್ತಿಗೆ ತಾನೇ ಆಫ್ ಆಗಬೇಕು ಅನ್ನುವ ಪಲ್ಸ್‌ಟೈಮ್ 1300 ಕೊಟ್ಟೆ. ಅದರ ಲೆಕ್ಕದಲ್ಲಿ ನೂರು ಕಳೆಯಬೇಕು, ಅಂದರೆ 1200 ಸೆಕೆಂಡ್, ಇಪ್ಪತ್ತು ನಿಮಿಷ. ವೈಫೈ ಸತ್ತರೂ, ಪೈ ಸತ್ತರೂ ಮೋಟ್ರು ನಿಲ್ಲುತ್ತೆ. ಕರೆಂಟ್ ಬಂದಾಗ ಆಫ್ ಆಗಿಯೇ ಇರು ಅನ್ನುವ ಪವರ್‌ಆನ್‌ಸ್ಟೇಟ್ 0 ಮಾಡುವುದನ್ನು ಮಾತ್ರ ಮರೆತಿದ್ದೆ. ಮೋಟ್ರು ಓಡುತ್ತಿದ್ದಾಗ ಕರೆಂಟ್ ಹೋಗಿ ಬೆಳಗಿನ ಜಾವ ಮೂರಕ್ಕೆ ಬಂತು, ತಾನೇ ಶುರುವಾಯಿತು. ಮನೆಮಂದಿಯೆಲ್ಲ ಎದ್ದರು.

ಟ್ಯಾಂಕಿನ ಮಟ್ಟ ಅಳೆಯುವುದು ಇನ್ನೊಂದು ಗೋಳು. ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ ನೀರಿನ ದೂರ ಅಳೆಯುವ ಮೊದಲ ಅಲ್ಟ್ರಾಸೋನಿಕ್ ಸೆನ್ಸರ್ ಆವಿಗೆ ತಿಂಗಳಲ್ಲಿ ಹಸಿರುಗಟ್ಟಿತು. ಆಮೇಲೆ ನೀರು ನಿರೋಧಕವಾದ ಜೆಎಸ್‌ಎನ್ ಅನ್ನುವ ಸೆನ್ಸರ್ ತಂದೆ, ನಾನೂರರ ಹತ್ತಿರ. ಅದಕ್ಕೆ 20–25 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣಲ್ಲ. ಟ್ಯಾಂಕ್ ತುಂಬುತ್ತಾ ಬಂದ ಹಾಗೆ ಬಾಯಿಗೆ ಬಂದ ಅಂಕಿ ಹೇಳುತ್ತೆ. 90% ಇದ್ದದ್ದು ಇದ್ದಕ್ಕಿದ್ದಂತೆ 40% ಆಗುತ್ತಿತ್ತು. ಮುಚ್ಚಳದ ಮೇಲೆ ಪೈಪ್ ತುಂಡು ನಿಲ್ಲಿಸಿ ಸೆನ್ಸರನ್ನು ಎತ್ತರಿಸಿದೆ. ಸಣ್ಣ ಪೈಪಾದರೆ ಅದರ ಗೋಡೆಯೇ ಪ್ರತಿಧ್ವನಿ ಕೊಡುತ್ತೆ, ಮೂರು ಸಲ ಪೈಪ್ ಬದಲಾಯಿಸಿದೆ. ಕೊನೆಗೆ ಯಾವ ಅಳತೆ, ಒಳಗೆ ಏನು ಮೆತ್ತಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅಷ್ಟು ಸಂಡಿಗೆ ಕಳೆದುಕೊಂಡು ಕಲಿತದ್ದು.

ಸಂಪು ಖಾಲಿಯಾಗಿ ಮೋಟ್ರು ಒಣ ಓಡದಂತೆ ಬೇರೆ ಸೆನ್ಸರ್ ಹಾಕಿಲ್ಲ. ಮೋಟ್ರು ಆನ್ ಆಗಿ ಕೆಲವು ನಿಮಿಷವಾದರೂ ಮೇಲಿನ ಟ್ಯಾಂಕಿನ ಮಟ್ಟ ಏರದಿದ್ದರೆ ಆಫ್, ಫೋನಿಗೆ ಮೆಸೇಜ್. ಎಷ್ಟು ನಿಮಿಷ ಅನ್ನೋದು ನಿಮ್ಮ ಪೈಪಿನ ಮೇಲೆ ಹೋಗುತ್ತೆ.

ನಡುವೆ ತಲೆಹರಟೆಗೆ ಕುಕ್ಕರ್ ಕೂಗು ಎಣಿಸಲು ಹೊರಟೆ. ಇಎಸ್‌ಪಿ ಅನ್ನುವ ಸಣ್ಣ ವೈಫೈ ಬೋರ್ಡು, ಮೈಕ್ ಮಾಡ್ಯೂಲ್, ಮೂರು ಕೂಗಾದರೆ ಹಾಲ್‌ನ ಲೈಟ್ ಮಿಟುಕಬೇಕು. ಮಿಕ್ಸಿ ಹಾಕಿದರೂ ಮಿಟುಕಿತು. ಸೊಪ್ಪಿನವಳು "ಸೊಪ್ಪೋ" ಅಂದಾಗಲೂ ಮಿಟುಕಿತು. ಅಮ್ಮ ಅದನ್ನು ಕಿತ್ತು ಡಬ್ಬಿಗೆ ಹಾಕಿದರು. ಮಳೆಗಾಲದಲ್ಲಿ ಇನ್ನೊಮ್ಮೆ ನೋಡುತ್ತೇನೆ.

ಒಟ್ಟು 17–18 ಸಾವಿರ ಆಗಿರಬಹುದು. ಅದರಲ್ಲಿ ಆರೇಳು ಸಾವಿರ ಹಾಳು ಮಾಡಿಕೊಂಡದ್ದು.

ಹೋದ ತಿಂಗಳು ಅದೇ ಎಲೆಕ್ಟ್ರಿಷಿಯನ್ ಫ್ಯಾನ್ ರಿಪೇರಿಗೆ ಬಂದಿದ್ದ. ಕಾಂಟ್ಯಾಕ್ಟರ್ ಡಬ್ಬ ತೆಗೆದು ತುಂಬಾ ಹೊತ್ತು ನೋಡಿದ. ಹೊಗಳುತ್ತಾನೆ ಅಂದುಕೊಂಡೆ. "ಸಾರ್, ಕಬ್ಬಿಣದ ಡಬ್ಬ, ಅರ್ಥಿಂಗ್ ಎಲ್ಲಿ?" ಅಂದ. ಹಸಿರು ವೈರ್ ಎಳೆದು ಕೊಟ್ಟು 300 ತಗೊಂಡು ಹೋದ.