ಮುಟ್ಟುವ ಮೊದಲು ನೋಡಬೇಕು: ಶಿಶುಗಳಲ್ಲಿ ಸೆರೆಬ್ರಲ್ ಪಾಲ್ಸಿಯ ಆರಂಭದ ಸುಳಿವುಗಳು

ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮೆದುಳಿಗೆ ಆದ ಹಾನಿಯಿಂದ ಚಲನೆ, ಭಂಗಿಗಳ ಮೇಲಿನ ಹಿಡಿತ ಕುಗ್ಗುವ ಸ್ಥಿತಿ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ (ಎನ್‌ಐಸಿಯು) ಮನೆಗೆ ಹೋದ ಶಿಶುಗಳು ಮರುತಪಾಸಣೆಗೆ ಬಂದಾಗ, ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿ ನಾನು ಮೊದಲು ಓದುವುದು ತಾಯಿ ಕಾರ್ಡನ್ನು ಮತ್ತು ಡಿಸ್ಚಾರ್ಜ್ ಚೀಟಿಯನ್ನು. ಮಗು ಅವಧಿಗೆ ಮುನ್ನ ಹುಟ್ಟಿತೇ, ಹುಟ್ಟಿದೊಡನೆ ಅತ್ತಿತೇ, ಫಿಟ್ಸ್ ಬಂದಿತ್ತೇ, ಕಾಮಾಲೆ ವಿಪರೀತಕ್ಕೆ ಹೋಗಿತ್ತೇ ಎಂಬುದು ಅಲ್ಲಿ ತಿಳಿಯುತ್ತದೆ. 32 ವಾರಕ್ಕೇ ಹುಟ್ಟಿದ ಮಗುವಾದರೆ 40 ವಾರ ತುಂಬಲು ಬಾಕಿಯಿದ್ದ 8 ವಾರವನ್ನು ಅದರ ವಯಸ್ಸಿನಿಂದ ಕಳೆದು ಲೆಕ್ಕ ಹಾಕುತ್ತೇನೆ. ಇಲ್ಲದಿದ್ದರೆ ಸರಿಯಾಗಿ ಬೆಳೆಯುತ್ತಿರುವ ಮಗುವೂ ಹಿಂದುಳಿದಂತೆ ಕಾಣುತ್ತದೆ.

ಹೀಗೆ ಲೆಕ್ಕ ಹಾಕಿದ ವಯಸ್ಸು 3ರಿಂದ 5 ತಿಂಗಳ ನಡುವೆ ಇದ್ದರೆ ಮಗುವನ್ನು ಮುಟ್ಟುವುದಿಲ್ಲ. ಹಾಲು ಕುಡಿದು ಎಚ್ಚರವಾಗಿ, ಅಳದೆ ಇರುವ ಹೊತ್ತಿನಲ್ಲಿ ಅಂಗಾತ ಮಲಗಿಸಿ, ಗಿಲಕಿಯನ್ನಾಗಲಿ ಮಾತನ್ನಾಗಲಿ ಕೊಡದೆ, ಕೆಲವು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸುತ್ತೇನೆ. ಈ ವಯಸ್ಸಿನ ಮಗುವಿನ ಕತ್ತು, ಮಣಿಕಟ್ಟು, ಸೊಂಟ, ಕಾಲಗಂಟುಗಳಲ್ಲಿ ಎಲ್ಲ ದಿಕ್ಕಿಗೂ ಹೊರಳುವ ಸಣ್ಣ ಸಣ್ಣ ಚಲನೆಗಳು ಸತತವಾಗಿ ಕಾಣಬೇಕು. ಹೈಂಜ್ ಪ್ರೆಕ್ಟಲ್ ಎಂಬ ವೈದ್ಯರು ರೂಪಿಸಿದ ಈ ವಿಧಾನದಲ್ಲಿ ಆ ಚಲನೆಗಳ ಗೈರುಹಾಜರಿಯೇ ಸೆರೆಬ್ರಲ್ ಪಾಲ್ಸಿಯ ಬಲವಾದ ಸೂಚನೆ. ಒಂದು ದಿನದ ಚಿತ್ರವನ್ನೇ ನೆಚ್ಚದೆ, ಸಂಶಯವಿದ್ದರೆ ಮತ್ತೆ ಕರೆಸಿ ನೋಡುತ್ತೇನೆ.

ಅನಂತರ, ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವವರನ್ನು ವಿಚಾರಿಸುತ್ತೇನೆ, ಏಕೆಂದರೆ ಬಿಗಿತವು ಅವರ ಕೈಗೆ ದಿನವೂ ಸಿಗುತ್ತಿರುತ್ತದೆ. ತೊಡೆ ಅಗಲಿಸಿ ತೊಳೆಯುವುದು ಕಷ್ಟವೇ, ಎತ್ತಿಕೊಂಡಾಗ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತವೆಯೇ ಎಂದು ಕೇಳುತ್ತೇನೆ. ಏಳು ತಿಂಗಳ ಮಗುವೊಂದರ ಅಜ್ಜಿ, "ಬಲಗೈ ಮುಷ್ಟೀಲಿ ದಿನಾ ಕೊಳೆ ಕೂತಿರುತ್ತೆ ಕಣಮ್ಮ, ಎಡಗೈಲಿ ಇರಲ್ಲ" ಎಂದರು. ಅವಧಿ ತುಂಬಿ ಹುಟ್ಟಿದ ಆ ಮಗುವಿನ ಕಾರ್ಡಿನಲ್ಲಿ ಯಾವ ತೊಂದರೆಯೂ ದಾಖಲಾಗಿರಲಿಲ್ಲ. ಮನೆಯವರು ಮಗು ಎಡಚ ಎಂದುಕೊಂಡಿದ್ದರು. ಎದೆಯ ನೇರಕ್ಕೆ ಗಿಲಕಿ ಹಿಡಿದರೆ ಎಡಗೈ ಮಾತ್ರ ಬಂತು. ಆ ಕೈಯನ್ನು ಮೆಲ್ಲಗೆ ತಡೆದಾಗ ಬಲಗೈ ಮೇಲೆದ್ದಿತಾದರೂ ಹೆಬ್ಬೆರಳು ಅಂಗೈಯೊಳಗೇ ಮಡಚಿತ್ತು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಆರಿಸಿಕೊಂಡರೆ ಅದನ್ನು ರೂಢಿ ಎಂದು ಬಿಡಬಾರದು.

"ಅವರಪ್ಪನೂ ತಡವಾಗಿಯೇ ನಡೆದಿದ್ದ" ಎಂಬ ಮಾತನ್ನು ನಾನು ಗೌರವದಿಂದಲೇ ಕೇಳುತ್ತೇನೆ, ಆದರೆ ಅದನ್ನು ನಂಬಿ ಕಾಯಲು ಬಿಡುವುದಿಲ್ಲ. ತಡವೊಂದೇ ಆಗಿದ್ದರೆ ಎರಡೂ ಬದಿಗೆ ಒಂದೇ ರೀತಿ ಇರಬೇಕಿತ್ತು.

ನರರೋಗ ತಜ್ಞರು ಶಿಶುಗಳ ನರಮಂಡಲವನ್ನು ಅಳೆಯುವ 26 ಅಂಶಗಳ ಹೈನ್ (HINE) ಪರೀಕ್ಷೆ ಮಾಡಿ, ಎಂಆರ್‌ಐ ನೋಡಿ ರೋಗದ ಹೆಸರು ಹೇಳುತ್ತಾರೆ. ಅಷ್ಟರವರೆಗೆ 'ಹೆಚ್ಚಿನ ಅಪಾಯವಿದೆ' ಎಂದಷ್ಟೇ ತಿಳಿಸಿ ನಾವು ತರಬೇತಿ ಆರಂಭಿಸುತ್ತೇವೆ. ಆ ಮಗುವಿನ ಎಡಗೈಗೆ ದಿನವೂ ಸ್ವಲ್ಪ ಹೊತ್ತು ಮೆತ್ತನೆಯ ಕಾಲುಚೀಲ ತೊಡಿಸಿ ಬಲಗೈಯಿಂದಲೇ ಆಟವಾಡಿಸುವುದನ್ನು, ವರದಿ ಬರುವ ಮೊದಲೇ ತಾಯಿಗೂ ಅಜ್ಜಿಗೂ ಕಲಿಸಿಕೊಟ್ಟೆ.